ಅಕ್ಕಿಗಾಗಿ ಕೂಡಿಸಿದ ಮೂರು ವರ್ಷ

ಜೋಗುಪಾಳ್ಯದಲ್ಲಿ ಯಾರಿಗೆ ಎಷ್ಟು ವಯಸ್ಸೆಂದು ತಿಳಿಯಬೇಕಾದರೆ ಮುನಿವೆಂಕಟಮ್ಮನನ್ನು ಕೇಳಬೇಕಿತ್ತು. ನಮ್ಮ ಬೀದಿಯ ಸೂಲಗಿತ್ತಿ ಆಕೆ. ಓದುಬರಹವಿಲ್ಲ. ಆದರೆ ಹಲಸೂರು ಕೆರೆ ಕೋಡಿ ಹರಿದಾಗ ಹುಟ್ಟಿದ ಮಗು ಯಾವುದು, ಪ್ಲೇಗಿಗೆ ಮನೆ ಬಿಟ್ಟು ಗುಡಿಸಲಲ್ಲಿದ್ದಾಗ ಹುಟ್ಟಿದ್ದು ಯಾವುದು, ಎಲ್ಲ ಆಕೆಯ ಬಾಯಲ್ಲೇ ಇತ್ತು. ಶಾಲೆಗೆ ಮಕ್ಕಳನ್ನು ಸೇರಿಸಿಕೊಳ್ಳುವಾಗ ಮೇಷ್ಟ್ರಾದ ನಾನೂ ಆಕೆ ಹೇಳಿದ್ದನ್ನೇ ಬರೆದುಕೊಳ್ಳುತ್ತಿದ್ದೆ. ಒಂದೇ ಒಂದು ಸಲ ಆಕೆ ಬೇಕೆಂದೇ ತಪ್ಪು ಹೇಳಿದಳು. ಅದನ್ನು ಬರೆದ ಪಾಪಿಯೂ ನಾನೇ.

ಯುದ್ಧಕಾಲದ ಪಡಿತರ ಅದು. ಬೀದಿಯವರ ಪಡಿತರದ ಅರ್ಜಿ ಬರೆದುಕೊಡುತ್ತಿದ್ದವನೂ ನಾನೇ. ಚಿಕ್ಕ ಮಕ್ಕಳಿಗೆ ಅರ್ಧ ಪಾಲು, ಎಂಟು ತುಂಬಿದವರಿಗೆ ಪೂರ್ತಿ. ಪಕ್ಕದ ಮನೆಯ ಮಂಜುಳಮ್ಮನ ಗಂಡ ಪಲ್ಟನ್ನಿಗೆ ಸೇರಿ ಹೋಗಿದ್ದ, ಸುದ್ದಿಯೇ ಇರಲಿಲ್ಲ. ಮನೆಯಲ್ಲಿ ಐದು ವರ್ಷದ ಆದಿಲಕ್ಷ್ಮಿ, ಒಂದು ಕೈಗೂಸು.

"ಹುಡುಗಿಗೆ ಎಂಟು ಅಂತ ಬರೀರಿ ಮೇಷ್ಟ್ರೇ, ನಿಮ್ಮಪ್ಪನ ಗಂಟೇನು ಹೋಗುತ್ತೆ?" ಎಂದು ಬೈದು, ಮುನಿವೆಂಕಟಮ್ಮ ಸಾಕ್ಷಿಗೆ ಹೆಬ್ಬೆಟ್ಟು ಒತ್ತಿದಳು. ನಾನು ಬರೆದೆ.

ಮರುವರ್ಷ, ನಲವತ್ತಾರರಲ್ಲಿ, ಆದಿಲಕ್ಷ್ಮಿ ಮಿಲಿಟರಿ ಉಗ್ರಾಣದ ಮುಳ್ಳುತಂತಿಯಡಿ ನುಸುಳಿ ಒಂದು ಹಾಲಿನ ಡಬ್ಬ ಎತ್ತಿಕೊಂಡಳು. ತಮ್ಮನಿಗಂತೆ. ಕಾವಲಿನವರು ಹಿಡಿದರು, ಕೋರ್ಟಿಗೆ ಎಳೆದರು. ನಮ್ಮ ವಕೀಲರು ಹೇಳಿದ್ದು ಇಷ್ಟು: ಏಳು ತುಂಬದ ಮಗು ಏನು ಮಾಡಿದರೂ ಕಾನೂನಿನಲ್ಲಿ ಅಪರಾಧವಲ್ಲ, ಅವತ್ತೇ ಮನೆಗೆ ಬರುತ್ತದೆ. ಏಳು ದಾಟಿದ್ದರೆ ಮಗುವಿಗೆ ತಪ್ಪು ಸರಿ ತಿಳಿಯುತ್ತದೆಯೇ ಎಂದು ಮ್ಯಾಜಿಸ್ಟ್ರೇಟರು ನೋಡುತ್ತಾರೆ, ತಿಳಿಯುತ್ತದೆ ಎನಿಸಿದರೆ ಸುಧಾರಣಾ ಶಾಲೆಗೂ ಕಳಿಸಬಹುದು. ಥೂ! ಏಳು ತುಂಬಿದ ಕೂಡಲೇ ಮಗು ಭಾರೀ ಕಳ್ಳನಾಗಿಬಿಡುತ್ತದೆಯೆ?

ಕೋರ್ಟಿನಲ್ಲಿ ಮುನಿವೆಂಕಟಮ್ಮ ಸೆರಗು ಸರಿಮಾಡಿಕೊಂಡು ನಿಂತಳು. "ಇವಳಿಗೆ ಆರು, ಸ್ವಾಮಿ. ಯುದ್ಧ ಶುರುವಾದ ಮೇಲಿನ ಯುಗಾದೀಲಿ ಹುಟ್ಟಿದ್ದು. ಹೊಕ್ಕುಳ ಕುಯ್ದಿದ್ದೇ ನಾನು."

ಸರ್ಕಾರಿ ವಕೀಲ ಪಡಿತರದ ಅರ್ಜಿ ಎತ್ತಿ ಹಿಡಿದ. ಅದರ ಪ್ರಕಾರ ಹುಡುಗಿಗೆ ಈಗ ಒಂಬತ್ತು.

"ಈ ಹೆಬ್ಬೆಟ್ಟು ನಿನ್ನದೇನಮ್ಮ?" ಎಂದರು ಮ್ಯಾಜಿಸ್ಟ್ರೇಟರು.

"ನಂದೇ. ಆವತ್ತು ಸುಳ್ಳು ಹೇಳ್ದೆ ಸ್ವಾಮಿ, ಅಕ್ಕಿಗೋಸ್ಕರ. ಬೇಕಾದ್ರೆ ಮಗು ಬಾಯಿ ತೆಗೆಸಿ ನೋಡಿ, ಒಂದು ಹಾಲುಹಲ್ಲೂ ಬಿದ್ದಿಲ್ಲ. ಒಂಬತ್ತು ವರ್ಷದೋಳಿಗೆ ಹಿಂಗಿರುತ್ತಾ?"

ಯಾರೂ ನೋಡಲಿಲ್ಲ. "ಸುಳ್ಳು ಹೇಳಿದೆ ಅಂತ ನೀನೇ ಒಪ್ಕೊಂಡ ಮೇಲೆ ನಿನ್ನ ಮಾತು ಹೇಗೆ ನಂಬೋದು? ಬೇರೆ ಯಾರಿಗಾದರೂ ಗೊತ್ತಿದೆಯಾ?" ಎಂದರು ಮ್ಯಾಜಿಸ್ಟ್ರೇಟರು.

ಆಕೆ ಹಿಂತಿರುಗಿ, ಕೊನೆಯ ಬೆಂಚಿನಲ್ಲಿದ್ದ ನನ್ನನ್ನು ನೋಡಿದಳು. ಗೊತ್ತಿದ್ದೂ ಸುಳ್ಳು ಬರೆದವನು ನಾನೆಂದು ಎದ್ದು ನಿಂತಿದ್ದರೆ ನನ್ನ ಕೆಲಸ ಹೋಗುತ್ತಿತ್ತು. ತಲೆ ತಗ್ಗಿಸಿ ಕುಳಿತೆ. ಆಕೆ ನನ್ನ ಹೆಸರು ಹೇಳಲಿಲ್ಲ. ಹೇಳಬಹುದಿತ್ತು.

ಮ್ಯಾಜಿಸ್ಟ್ರೇಟರು ಮಗುವಿನ ಕಡೆ ತಿರುಗಿದರು. "ಕದಿಯೋದು ತಪ್ಪು ಅಂತ ಗೊತ್ತಾ?"

"ಗೊತ್ತು," ಎಂದಿತು ಮಗು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ. "ಮುನಿವೆಂಕಟಮ್ಮಜ್ಜಿ ಹೇಳ್ಕೊಟ್ಟವ್ರೆ."

ಅಷ್ಟು ಸಾಕಾಯಿತು. ಒಂಬತ್ತು ವರ್ಷ, ತಿಳಿವಳಿಕೆಯೂ ಇದೆ. ಐದು ವರ್ಷ ಸುಧಾರಣಾ ಶಾಲೆ. ಮಂಜುಳಮ್ಮ ಅಲ್ಲೇ ನೆಲಕ್ಕೆ ಕುಸಿದು ಬಾಯಿ ಬಾಯಿ ಬಡಿದುಕೊಂಡಳು.

ದೀಪಾವಳಿ ಹೊತ್ತಿಗೆ ಮುನಿವೆಂಕಟಮ್ಮ ಹುಡುಗಿಯನ್ನು ನೋಡಿ ಬಂದಳು. ನೇರ ನಮ್ಮ ಬಾಗಿಲಿಗೆ ಬಂದು, ಸೆರಗಿನ ಗಂಟು ಬಿಚ್ಚಿ, ಒಂದು ಪುಟ್ಟ ಹಲ್ಲನ್ನು ನನ್ನ ಅಂಗೈಗೆ ಹಾಕಿದಳು.

"ಹೋದ ವಾರ ಬಿತ್ತಂತೆ, ಮೊದಲ್ನೇದು. ಇಟ್ಕೊಳ್ಳಿ ಮೇಷ್ಟ್ರೇ. ನೀವು ಬರೆದ ಒಂಬತ್ತು ವರ್ಷದ ಹುಡುಗೀದು."

ಅಲ್ಲಿಂದ ಮುಂದೆ ಆಕೆ ಬದುಕಿರುವ ತನಕ ಯಾರ ವಯಸ್ಸನ್ನೂ ಹೇಳಲಿಲ್ಲ. ಶಾಲೆಗೆ ಹೊಸ ಮಕ್ಕಳು ಬಂದಾಗ ನಾನು ಹೋಗಿ ಕೇಳಿದರೆ, "ನೀವೇ ಏನಾದ್ರೂ ಬರ್ಕೊಳ್ಳಿ" ಎನ್ನುತ್ತಿದ್ದಳು. ನಾನು ಬರೆದುಕೊಳ್ಳುತ್ತಿದ್ದೆ.