ರಿಂಗಿನ ಕೆಳಗಿನ ಬೂದುಗುಂಬಳ

ಪುಟ್ಟಬಸವಯ್ಯನಿಗೆ ಬ್ಯಾಸ್ಕೆಟ್‌ಬಾಲ್ ಆಡಲು ಬರುತ್ತಿರಲಿಲ್ಲ. ಹೊಡೆಯಲು ಬರುತ್ತಿತ್ತು. ನಂಜನಗೂಡಿನ ನೂಲಿನ ಗಿರಣಿಯ ಟೀಮಿಗೆ ಅಂಥವನೊಬ್ಬ ಬೇಕೂ ಆಗಿದ್ದ ಅನ್ನಿ. ಹೆಡತಲೆ ಎಂಬ ಹಳ್ಳಿಯ ಈ ಮನುಷ್ಯ ಗಿರಣಿಯ ಗೋಡೌನಿನಲ್ಲಿ ಲೋಡರ್. ಹತ್ತಿ ಬೇಲು ಉರುಳಿಸಿ, ನೂಲಿನ ಮೂಟೆ ಹೊತ್ತು ಹೊತ್ತು ಅವನ ಹೆಗಲು ಜಡ್ಡುಗಟ್ಟಿತ್ತು. ಕೋಪ ಮಾತ್ರ ಸದಾ ಮೂಗಿನ ತುದಿಯಲ್ಲೇ.

ಗಿರಣಿಯ ಯಜಮಾನರಿಗೆ ಆಟದ ಹುಚ್ಚು. ಉದ್ದುದ್ದ ಬೆಳೆದ ಹನ್ನೆರಡು ಹುಡುಗರನ್ನು ಎಲ್ಲೆಲ್ಲಿಂದಲೋ ಹುಡುಕಿ ತಂದು ಸಂಬಳ ಕೊಟ್ಟು ಇಟ್ಟುಕೊಂಡಿದ್ದರು. ಬೆಳಿಗ್ಗೆ ಬಂದು ಸಹಿ ಹಾಕುವುದು, ಆಮೇಲೆ ದಿನವಿಡೀ ಆಡುವುದು, ಅದೇ ಅವರ ಕೆಲಸ. ಮಿಕ್ಕ ಕಾರ್ಮಿಕರು ಹೊಟ್ಟೆ ಉರಿದುಕೊಂಡರು. ಪುಟ್ಟಬಸವಯ್ಯನೂ ಉರಿದುಕೊಂಡಿದ್ದ, ತೊಂಬತ್ತನಾಲ್ಕರ ಒಂದು ಮಧ್ಯಾಹ್ನದವರೆಗೆ. ಅವತ್ತು ಊಟದ ಡಬ್ಬಿ ಹಿಡಿದು ಕೋರ್ಟಿನ ಪಕ್ಕ ಕೂತಿದ್ದಾಗ ಪ್ರೇಮ್‌ಕುಮಾರ್ ಎಂಬ ಹೊಸ ಹುಡುಗ ದೂರದಿಂದ ಚೆಂಡು ಎಸೆದ. ಅದು ಕಬ್ಬಿಣದ ರಿಂಗಿಗೆ ತಾಗದೆ ಬಲೆಯೊಳಗೆ ಸರ್ರನೆ ಇಳಿಯಿತು. ಮುದ್ದೆ ಮುರಿದಿದ್ದ ಕೈ ಹಾಗೇ ನಿಂತಿತು. ಅಲ್ಲಿಂದಾಚೆ ಆ ಹುಡುಗ ಆಡಿದ ಒಂದು ಆಟವನ್ನೂ ಅವನು ತಪ್ಪಿಸಲಿಲ್ಲ.

ಆಟ ನೋಡಲು ಹೋಗುವಾಗ ಎಂಟಡಿ ಬಿದಿರಿಗೆ ಟೀಮಿನ ಹಳದಿ ಬಾವುಟ ಕಟ್ಟಿಕೊಳ್ಳುತ್ತಿದ್ದ. ಬಿದಿರು ಸೀಳದ ಹಾಗೆ ತುದಿಗೆ ಗೇಣುದ್ದ ತಂತಿ ಸುತ್ತಿದ್ದ. ಬಾವುಟದ ಕೋಲಿಗೆ ತಂತಿ ಯಾಕೆ ಅಂತ ಕೇಳಿದರೆ ನಗುತ್ತಿದ್ದ. ಆಟ ಮುಗಿಯುವ ಹೊತ್ತಿಗೆ ಬಾವುಟ ಎಲ್ಲೋ ಬಿದ್ದಿರುತ್ತಿತ್ತು, ಕೋಲು ಮಾತ್ರ ಕೈಯಲ್ಲಿರುತ್ತಿತ್ತು.

ತೊಂಬತ್ತೆಂಟರ ಸೀಸನ್ ಶುರುವಾದದ್ದು ಗಣೇಶನ ಹಬ್ಬ ಕಳೆದ ಮೇಲೆ. ಎಂಟು ಟೀಮಿನ ಲೀಗು, ಜನವರಿಯವರೆಗೂ ನಡೆಯುವಂಥದ್ದು. ಮೊದಲ ಆಟ ನಮ್ಮೂರಲ್ಲೇ. ಇಪ್ಪತ್ತು ಪಾಯಿಂಟಿನಿಂದ ಗೆದ್ದರು. ಮೈಸೂರಿನಿಂದ ಬಂದಿದ್ದವನೊಬ್ಬ ಪ್ರೇಮ್‌ಕುಮಾರನನ್ನು ಒಂಟೆ ಅಂತ ಕರೆದ. ಅವನು ವಾಪಸ್ ಹೋಗುವಾಗ ಎರಡು ಹಲ್ಲು ಕಮ್ಮಿಯಾಗಿತ್ತು. ಎರಡನೆಯ ಆಟ ಮೈಸೂರಿನಲ್ಲಿ. ಮೂರೇ ಪಾಯಿಂಟಿನ ಗೆಲುವು. ಬರುವ ದಾರಿಯಲ್ಲಿ ನಮ್ಮವರಿದ್ದ ಲಾರಿಗೆ ಕಲ್ಲು ಬಿತ್ತು, ಪುಟ್ಟಬಸವಯ್ಯನ ಹುಬ್ಬು ಸೀಳಿತು. ಅವನು ಲಾರಿ ನಿಲ್ಲಿಸಿ, ಕಣ್ಣಿಗೆ ಇಳಿಯುವ ರಕ್ತ ಒರೆಸಿಕೊಳ್ಳುತ್ತಲೇ ಹಿಂದಕ್ಕೆ ಓಡಿ, ಸಿಕ್ಕವನೊಬ್ಬನ ಮುಖವನ್ನು ಚರಂಡಿಗೆ ಅದ್ದಿ ಬಂದ. ಕಲ್ಲು ಎಸೆದವನು ಅವನೇ ಹೌದೋ ಅಲ್ಲವೋ, ಅದನ್ನು ವಿಚಾರಿಸುವ ವ್ಯವಧಾನ ಯಾರಿಗಿತ್ತು?

"ಆಟ ನೋಡಕ್ ಓಗ್ತೀಯೋ, ಸಾಯಕ್ ಓಗ್ತೀಯೋ?" ಎಂದು ಹೆಂಡತಿ ಮಾದಮ್ಮ ಹುಬ್ಬಿನ ಗಾಯಕ್ಕೆ ಅರಿಸಿನ ಒತ್ತುತ್ತಾ ಕೇಳಿದಳು.

"ಗೆದ್ದೋ ಕಣಮ್ಮಿ," ಎಂದ ಅವನು.

ಮೂರನೆಯ ಆಟ ನರಸೀಪುರದವರ ಮೇಲೆ. ಅಲ್ಲಿನ ಅಕ್ಕಿ ಗಿರಣಿಯವರೆಲ್ಲ ಸೇರಿ ಕಟ್ಟಿದ್ದ ಟೀಮು. ಅವರಿಗೂ ನಮಗೂ ಹಾವು ಮುಂಗುಸಿ ಸಂಬಂಧ. ಆಟ ಬಿದ್ದದ್ದು ಆಯುಧಪೂಜೆಯ ದಿನವೇ, ಮೂರು ಗಂಟೆಗೆ, ನಮ್ಮ ಗಿರಣಿಯ ಕೋರ್ಟಿನಲ್ಲೇ.

ಬೆಳಿಗ್ಗೆ ಗಿರಣಿಯ ಮೆಷಿನ್ನುಗಳಿಗೆ, ಲಾರಿಗಳಿಗೆ ಪೂಜೆಯಾಯಿತು. ಬೂದುಗುಂಬಳ ಒಡೆಯುವುದು ಲೋಡರುಗಳ ಪಾಲಿನ ಕೆಲಸ. ಒಂದು ಕಾಯಿ ಮಿಕ್ಕಿತು. ಪುಟ್ಟಬಸವಯ್ಯ ಅದರ ತಲೆ ಕೊರೆದು, ಕುಂಕುಮ ತುಂಬಿ, ಎತ್ತಿಕೊಂಡು ಕೋರ್ಟಿನ ಕಡೆ ನಡೆದ. ಟೀಮಿನ ಮ್ಯಾನೇಜರ್ ಶಿವಮಲ್ಲಪ್ಪ ಅಡ್ಡ ಬಂದರು.

"ಕೋರ್ಟ್ ಒಳಗೆ ಬ್ಯಾಡ ಕಣಯ್ಯ. ಗೇಟ್ ಅತ್ರ ಒಡಿ."

"ದೃಷ್ಟಿ ತಾಕೋದು ಗೇಟಿಗಾ ಸಾ, ರಿಂಗಿಗಾ?"

ಶಿವಮಲ್ಲಪ್ಪನವರು ಊಟಕ್ಕೆ ಹೋಗುವವರೆಗೂ ಕಾಯಿ ತಬ್ಬಿಕೊಂಡು ಕಾದ. ಆಮೇಲೆ ರಿಂಗಿಗೆ ಮೂರು ಸುತ್ತು ನಿವಾಳಿಸಿ, ಕಂಬದ ಬುಡಕ್ಕೆ ಎತ್ತಿ ಹಾಕಿದ. ಸಿಮೆಂಟು ನೆಲದ ಮೇಲೆ ತಿರುಳು, ಬೀಜ, ಕುಂಕುಮದ ನೀರು ಚೆಲ್ಲಾಪಿಲ್ಲಿಯಾಯಿತು. ಗುಡಿಸಿ ಎಸೆದಿದ್ದರೆ ಕತೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ದೃಷ್ಟಿ ತೆಗೆದ ಕಾಯಿಯನ್ನು ಹೊತ್ತು ಮುಳುಗುವ ಮುಂಚೆ ಗುಡಿಸಬಾರದು ಅನ್ನುವುದು ಅವನ ಮನೆಯ ನಂಬಿಕೆ. ಗುಡಿಸಿದರೆ ದೃಷ್ಟಿ ಕೈಗೆ ಅಂಟುತ್ತದಂತೆ. ಹಾಗಾಗಿ ಹೋಳುಗಳನ್ನು ಕಾಲಿನಲ್ಲೇ ಕಂಬದ ಹಿಂದಕ್ಕೆ ತಳ್ಳಿ, ಒಂದು ಕೊಡ ನೀರು ಸುರಿದು, ಕೈಮುಗಿದು ಬಂದ.

ಆಟ ಹೇಗಿತ್ತು ಅಂತೀರಿ? ಮೊದಲ ನಿಮಿಷದಿಂದಲೇ ಮೊಣಕೈ ಓಡಾಡಿದವು. ಒಬ್ಬನ ಮೂಗು ಒಡೆಯಿತು, ಇನ್ನೊಬ್ಬನ ತುಟಿ ಹರಿಯಿತು. ನರಸೀಪುರದ ಕಡೆ ನಟರಾಜ್ ಎಂಬ ಇಪ್ಪತ್ತನಾಲ್ಕರ ಹುಡುಗನಿದ್ದ, ಬಲಗೈಯಲ್ಲಿ ಎಸೆದರೆ ತಪ್ಪುವುದೇ ಅಪರೂಪ. ಕೊನೆಗೆ ಎಂಟು ನಿಮಿಷ ಉಳಿದಾಗ ನಾವು ಐವತ್ತೆರಡು, ಅವರು ಐವತ್ತೊಂದು. ಚೆಂಡು ಹಲಗೆಗೆ ಬಡಿದು ಹಾರಿತು. ಪ್ರೇಮ್‌ಕುಮಾರ್ ನೆಗೆದ, ಪಕ್ಕದಲ್ಲೇ ನಟರಾಜನೂ ನೆಗೆದ. ಚೆಂಡು ಪ್ರೇಮ್‌ಕುಮಾರನ ಕೈಗೆ ಬಂತು. ಇಳಿದಾಗ ಅವನ ಎಡಗಾಲು ಜರ್ರನೆ ಹೊರಕ್ಕೆ ಜಾರಿತು, ಮಂಡಿ ತಿರುಗಬಾರದ ಕಡೆಗೆ ತಿರುಗಿತು. ಲಟಕ್ ಎಂದದ್ದು ಹಗ್ಗದ ಆಚೆ ನಿಂತವರಿಗೂ ಕೇಳಿಸಿತು.

ಪುಟ್ಟಬಸವಯ್ಯ ಕಂಡದ್ದು ಇಷ್ಟೇ: ಪ್ರೇಮ್‌ಕುಮಾರ್ ನೆಲದ ಮೇಲೆ ಒದ್ದಾಡುತ್ತಿದ್ದಾನೆ, ನಟರಾಜ್ ಅವನ ಕಾಲಿನ ಹತ್ತಿರ ಬಗ್ಗಿದ್ದಾನೆ.

"ಕಾಲು ಕೊಟ್ಟು ಬೀಳ್ಸುಬುಟ್ಟ ಕಣ್ರಲಾ," ಎಂದು ಕಿರುಚಿ ಹಗ್ಗ ಹಾರಿದ. ನಟರಾಜ್ ಏಳುವಷ್ಟರಲ್ಲಿ ತಂತಿ ಸುತ್ತಿದ ಬಿದಿರು ಅವನ ಬಲ ಮುಂಗೈ ಮೇಲೆ ಬಿತ್ತು. ಹುಡುಗ ಮುಷ್ಟಿ ಬಿಚ್ಚಲಿಲ್ಲ. ಎರಡನೆಯ ಏಟಿಗೆ ಮೂಳೆ ಚರ್ಮದೊಳಗೇ ಮುರಿದು ಎದ್ದು ನಿಂತಿತು. ಮೂರನೆಯದಕ್ಕೆ ಮುಷ್ಟಿ ಬಿಚ್ಚಿತು, ಅಂಗೈಯಿಂದ ಕೆಂಪಗೆ ಏನೋ ನೆಲಕ್ಕೆ ಜಾರಿತು. ರಕ್ತ ಅಂದುಕೊಂಡ ಪುಟ್ಟಬಸವಯ್ಯ. ಅವನಿಗೆ ಖುಷಿಯೇ ಆಯಿತು. ಯಾಕೆ ಸುಳ್ಳು ಹೇಳಬೇಕು, ಆಗ ಅವನಿಗೆ ಬಹಳ ಖುಷಿಯಾಯಿತು.

ಆಮೇಲೆ ನಡೆದದ್ದು ಆಟವಲ್ಲ. ಕಬ್ಬಿಣದ ಕುರ್ಚಿಗಳು ಹಾರಾಡಿದವು. ರೆಫ್ರಿಯ ಮೇಜು ಮಗುಚಿತು. ನರಸೀಪುರದವರ ವ್ಯಾನಿನ ಒಂದು ಗಾಜೂ ಉಳಿಯಲಿಲ್ಲ. ಪೊಲೀಸರು ಬಂದು ಲಾಠಿ ಬೀಸಿದಾಗ ಪುಟ್ಟಬಸವಯ್ಯನ ಬೆನ್ನಿಗೂ ನಾಲ್ಕು ಬಿದ್ದು ಬಾಸುಂಡೆ ಎದ್ದವು. ಪ್ರೇಮ್‌ಕುಮಾರನನ್ನು ಜೀಪಿಗೆ ಹತ್ತಿಸುವಾಗ ಕಳಚಿದ ಎಡಗಾಲಿನ ಶೂ ಹೇಗೋ ಇವನ ಕೈಗೆ ಬಂತು. ಕೋಲನ್ನು ಜೊತೆಯ ಲೋಡರೊಬ್ಬನ ಕೈಗೆ ಕೊಟ್ಟು, ಶೂವನ್ನು ಎದೆಗೆ ಒತ್ತಿಕೊಂಡೇ ಮನೆಗೆ ಬಂದ.

ಯಾರು ಹೊಡೆದರೋ ಗೊತ್ತಿಲ್ಲ ಅಂತ ಪೊಲೀಸರು ಬರೆದುಕೊಂಡರು. ಗಿರಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಜೊತೆಯ ಲೋಡರ್ ಕರಿಯಪ್ಪ ಪೂಜೆಯಲ್ಲಿ ಮಿಕ್ಕಿದ್ದ ಸೇವಂತಿಗೆ ಹಾರವನ್ನು ಇವನ ಕೊರಳಿಗೆ ಹಾಕಿದ. ಲೀಗಿನ ಕಮಿಟಿಗೆ ದೂರು ಹೋಯಿತು, ನಟರಾಜ್ ಬೇಕೆಂದೇ ಕಾಲು ಕೊಟ್ಟ ಅಂತ. ಕಣ್ಣಾರೆ ಕಂಡೆ ಎಂದು ಸಹಿ ಹಾಕಿದ ಮೊದಲನೆಯವನು ಪುಟ್ಟಬಸವಯ್ಯ. ಒಂದು ಭಾನುವಾರ ಬಿಟ್ಟು ಮುಂದಿನ ಭಾನುವಾರ ಮೈಸೂರಿನಲ್ಲಿ ವಿಚಾರಣೆ. ತಪ್ಪು ಅಂತ ಆದರೆ ನಟರಾಜನಿಗೆ ಆಯುಷ್ಯವಿಡೀ ಆಟ ಬಂದ್, ಅಕ್ಕಿ ಗಿರಣಿಯ ನೌಕರಿಯೂ ಬಂದ್. ಆಗಲಿ ಬಿಡು, ಅನುಭವಿಸಲಿ ಎಂದುಕೊಂಡ ನಮ್ಮವನು.

ಶೂವನ್ನು ದೇವರ ಪಟದ ಕೆಳಗೇ ಇಟ್ಟಿದ್ದ. ಮಾದಮ್ಮ ಬೈದಳು, ಕೇಳಲಿಲ್ಲ. ಎಂಟನೆಯ ದಿನ, ತೊಳೆದು ಪ್ರೇಮ್‌ಕುಮಾರನಿಗೆ ಆಸ್ಪತ್ರೆಯಲ್ಲಿ ಕೊಟ್ಟು ಬರೋಣವೆಂದು ಹಿತ್ತಿಲಲ್ಲಿ ಕೂತು ಹಳೇ ಬ್ರಷ್ಷಿಗೆ ಸೋಪು ಹಚ್ಚಿದ. ಶೂ ತಿರುವಿದ. ತಳದ ಗೀರುಗಳಲ್ಲಿ ಏನೋ ಒಣಗಿ ಅಂಟಿತ್ತು. ಉಗುರಿನಿಂದ ಕೆರೆದ. ಕುಂಕುಮ ಮೆತ್ತಿದ ತಿರುಳು, ಅದರೊಳಗೆ ಚಪ್ಪಟೆಯಾದ ಎರಡು ಬೀಜ.

ಅವನು ಬ್ರಷ್ಷು ಕೆಳಗಿಟ್ಟ. ಬಟ್ಟೆ ಒಣಹಾಕುತ್ತಿದ್ದ ಮಾದಮ್ಮ ಬಗ್ಗಿ ನೋಡಿದಳು.

"ಇದು ಬೂದುಗುಂಬಳದ ಬೀಜ ಅಲ್ವಾ? ಅಲ್ಲಿಗೆಂಗೆ ಬಂತು?"

"ಮುಚ್ಕಂಡ್ ಓಗು."

"ಅವತ್ತು ರಿಂಗ್ ಕೆಳ್ಗೆ ಒಡ್ದೆ ಅಂದಿದ್ದಲ್ಲ, ಅದೇನಾ?"

ಪುಟ್ಟಬಸವಯ್ಯ ಎದ್ದವನೇ ಕೆನ್ನೆಗೆ ಬಾರಿಸಿದ. ಮಾದಮ್ಮ ಒಗೆಯುವ ಕಲ್ಲಿನ ಮೇಲೆ ಬಿದ್ದಳು. ಬಾಯಲ್ಲಿ ರಕ್ತ ಬಂತು. ಅವಳು ಅಳಲಿಲ್ಲ, ಅದನ್ನು ಉಗಿದಳು.

"ನನ್ನ ಒಡುದ್ರೆ ಆ ಬೀಜ ಇಲ್ದಂಗಾಯ್ತದಾ?" ಎಂದಳು.

ಅವನು ಸೀದಾ ಕರಿಯಪ್ಪನ ಹತ್ತಿರ ಹೋದ. ಕರಿಯಪ್ಪ ಬೀಜ ನೋಡಿ ಬಾಗಿಲು ಮುಂದಕ್ಕೆ ತಳ್ಳಿದ. ಆಮೇಲೆ, "ಶೂನ ಒಳೆಗೆ ಎಸ್ದುಬುಡು. ಈಗ ಬಾಯ್ಬುಟ್ರೆ ನಮ್ ಊರಿನ ಮಾನ ಓಯ್ತದೆ. ನಮ್ ಉಡುಗ್ರೇ ನಿನ್ನ ಸುಮ್ನೆ ಬುಡಾಕಿಲ್ಲ ಕಣ್ಲಾ," ಎಂದ. ಸಲಹೆಯೋ ಬೆದರಿಕೆಯೋ ತಿಳಿಯಲಿಲ್ಲ.

ಪುಟ್ಟಬಸವಯ್ಯ ಕಪಿಲಾ ಹೊಳೆಯ ಸೋಪಾನದವರೆಗೂ ಹೋದ. ಮೂರು ಸಲ ಕೈ ಎತ್ತಿದ. ಎತ್ತಿದಾಗೆಲ್ಲ ಬಿಚ್ಚದೇ ಇದ್ದ ಆ ಮುಷ್ಟಿಯೇ ಕಣ್ಣಿಗೆ ಕಟ್ಟುತ್ತಿತ್ತು. ಏಟು ತಿಂದ ಕೈ ತಾನಾಗಿ ಬಿಚ್ಚಿಕೊಳ್ಳುತ್ತದೆ, ಹೊಡೆದು ರೂಢಿಯಿದ್ದವನಿಗೆ ಅಷ್ಟೂ ಗೊತ್ತಿರುವುದಿಲ್ಲವೇ? ಇವನು ಯಾಕೆ ಬಿಚ್ಚಲಿಲ್ಲ? ಮಾರನೆಯ ದಿನ ಶೂವನ್ನು ಕೈಚೀಲಕ್ಕೆ ಹಾಕಿಕೊಂಡು ನರಸೀಪುರದ ಬಸ್ಸು ಹತ್ತಿದ.

ನಟರಾಜನ ಮನೆ ತಲಕಾಡಿನ ರಸ್ತೆಯ ಕಡೆ. ಜಗುಲಿಯ ಮೇಲೆ ಅವನ ತಾಯಿ ದೇವೀರಮ್ಮ ಅಕ್ಕಿ ಕೇರುತ್ತಿದ್ದಳು.

"ಯಾರಪ್ಪ ನೀನು?"

"ನಂಜನಗೂಡೋನು. ನಿಮ್ ಮಗುಂಗೆ ಒಡುದೋನು ನಾನೇ ಕಣವ್ವ."

ಆ ತಾಯಿ ಎದ್ದು ನಿಂತು, ಕೈಯಲ್ಲಿದ್ದ ಮೊರದಿಂದಲೇ ಅವನ ಮುಖಕ್ಕೆ ಬಾರಿಸಿದಳು. ಹುಬ್ಬಿನ ಹಳೇ ಗಾಯ ಬಿಚ್ಚಿ ರಕ್ತ ಸುರಿಯಿತು. ಮತ್ತೆ ಹೊಡೆದಳು, ಮೊರದ ಅಂಚು ಮುರಿಯುವವರೆಗೂ ಹೊಡೆದಳು. ಪುಟ್ಟಬಸವಯ್ಯ ಕೈ ಅಡ್ಡ ಹಿಡಿಯಲಿಲ್ಲ. ಸದ್ದಿಗೆ ನಟರಾಜ್ ಹೊರಗೆ ಬಂದ. ಬೆರಳ ತುದಿಯಿಂದ ಮೊಣಕೈವರೆಗೂ ಬ್ಯಾಂಡೇಜು. ಪುಟ್ಟಬಸವಯ್ಯ ಚೀಲದಿಂದ ಶೂ ತೆಗೆದು ತಳ ತೋರಿಸಿದ.

ನಟರಾಜ್ ಅದನ್ನು ನೋಡಿದ.

"ಈಗ ತಂದ್ಯಾ? ನಾನ್ಯಾಕೆ ಬಗ್ಗಿದ್ದೆ ಗೊತ್ತಾ? ಪ್ರೇಮ್‌ಕುಮಾರ್ ಕಾಲಡಿ ಕುಂಬ್ಳಕಾಯ್ ಚೂರು ಬಿದ್ದಿತ್ತು. ರೆಫ್ರಿಗೆ ತೋರ್ಸಾನ ಅಂತ ಎತ್ಕಂಡೆ. ಕೈಲೇ ಇತ್ತು. ಅಷ್ಟ್ರಲ್ಲಿ ನೀನು ಬಂದೆ."

ನೆಲಕ್ಕೆ ಜಾರಿದ ಆ ಕೆಂಪು ರಕ್ತವಾಗಿರಲಿಲ್ಲ. ತಾನೇ ತುಂಬಿದ ಕುಂಕುಮ, ತಾನೇ ಒಡೆದ ಕಾಯಿ. ಪುಟ್ಟಬಸವಯ್ಯ ತನ್ನ ಬಲಗೈಯನ್ನು ಜಗುಲಿಯ ಅಂಚಿನ ಮೇಲೆ ಚಾಚಿ ಇಟ್ಟ.

"ಏನ್ ಮಾಡ್ಲಿ ಏಳಪ್ಪ. ನನ್ ಕೈನೂ ಮುರುದ್‌ಬುಡು."

"ನಿನ್ ಕೈ ಇಸ್ಕಂಡು ನಾನೇನ್ ಮಾಡ್ಲಿ? ಭಾನ್ವಾರ ಬಂದು ಇದ್ನೇ ಏಳು. ನಿಮ್ಮೋರೆಲ್ಲ ಇರೋವಾಗ ಏಳು," ಎಂದು ನಟರಾಜ್ ಒಳಗೆ ಹೋದ.

ಭಾನುವಾರ ಹಾಲ್ ತುಂಬ ನಮ್ಮವರೇ. ಪ್ರೇಮ್‌ಕುಮಾರ್ ಕಂಕುಳಿಗೆ ಊರುಗೋಲು ಕೊಟ್ಟುಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ. ಪುಟ್ಟಬಸವಯ್ಯನ ಹೆಸರು ಕೂಗಿದಾಗ ಹಿಂದಿನಿಂದ ಚಪ್ಪಾಳೆ ಬಿತ್ತು. ಅವನು ಶೂವನ್ನು ಮೇಜಿನ ಮೇಲೆ ಮಗುಚಿ ಇಟ್ಟ.

"ಇವ್ರು ಕಾಲು ಕೊಡ್ಲಿಲ್ಲ ಸಾ. ರಿಂಗ್ ಕೆಳಗೆ ಕಾಯಿ ಒಡುದೋನು ನಾನು. ಗುಡುಸ್ದೆ ಬುಟ್ಟೋನು ನಾನು. ಇವ್ರ ಕೈ ಮುರುದೋನೂ ನಾನೇ."

ಪ್ರೇಮ್‌ಕುಮಾರ್ ಒಮ್ಮೆ ಶೂ ನೋಡಿದ, ಒಮ್ಮೆ ಇವನನ್ನು ನೋಡಿದ, ಮುಖ ಕಿಟಕಿಯ ಕಡೆ ತಿರುಗಿಸಿಕೊಂಡ. ನಾಲ್ಕು ವರ್ಷ ಆ ಹುಡುಗನಿಗಾಗಿ ಊರೂರಿನಲ್ಲಿ ತಲೆ ಒಡೆದು, ಒಡೆಸಿಕೊಂಡಿದ್ದವನಿಗೆ ಅದಕ್ಕಿಂತ ದೊಡ್ಡ ಏಟು ಬೀಳಲಿಲ್ಲ.

ಬಿದ್ದ ಏಟುಗಳೂ ಸಣ್ಣವಲ್ಲ. ಹೊರಗೆ ಗೇಟಿನ ಬಳಿ ಕರಿಯಪ್ಪ ಮತ್ತು ಆರೇಳು ಜನ ಕಾದಿದ್ದರು. ಹಣ್ಣುಗಾಯಿ ನೀರುಗಾಯಿ ಮಾಡಿದರು. ಪಕ್ಕೆಲುಬು ಎರಡು ಮುರಿದವು, ಎಡಗಿವಿ ಹರಿದು ಜೋತುಬಿತ್ತು. ಮಣ್ಣಿನಲ್ಲಿ ಬಿದ್ದವನಿಗೆ ಬೀಸುತ್ತಿದ್ದ ಕೋಲಿನ ತುದಿ ಒಮ್ಮೆ ಕಣ್ಣೆದುರೇ ಬಂತು. ಗೇಣುದ್ದ ತಂತಿ, ತಾನೇ ಸುತ್ತಿದ್ದು. ಒಂದು ಎಳೆಯೂ ಸಡಿಲವಾಗಿರಲಿಲ್ಲ.

ನಟರಾಜನ ಮೇಲಿನ ದೂರು ವಜಾ ಆಯಿತು, ಅವನ ನೌಕರಿ ಉಳಿಯಿತು. ಬಲಗೈ ಮಾತ್ರ ಮತ್ತೆ ನೆಟ್ಟಗಾಗಲಿಲ್ಲ, ಅವನು ಮತ್ತೆಂದೂ ಆಡಲಿಲ್ಲ. ಪುಟ್ಟಬಸವಯ್ಯನ ಮೇಲೆ ಕೇಸಾಗಿ ಆರು ತಿಂಗಳು ಜೈಲಾಯಿತು, ಗಿರಣಿಯ ಕೆಲಸ ಹೋಯಿತು. ಜೈಲಿಗೆ ಹೋಗುವ ಮುಂಚೆ ಮಾದಮ್ಮ ಅವನ ಪಕ್ಕೆಗೆ ಉಪ್ಪಿನ ಶಾಖ ಕೊಡುತ್ತಾ ಹೇಳಿದಳು, "ಅವ್ರ ಮನೇಗೂ ಓಗ್ಬಂದೆ, ಕಮಿಟಿಗೂ ಓಗ್ಬಂದೆ. ನಂಗೆ ಒಡುದ್ದನ್ನ ಯಾವ ಕಮಿಟೀಲಿ ಏಳ್ತೀಯಾ?" ಅವನು ಶಾಖದ ಗಂಟನ್ನು ಅವಳ ಕೈಯಿಂದ ತೆಗೆದುಕೊಂಡು ತಾನೇ ಒತ್ತಿಕೊಂಡ.

ಎರಡು ಸಾವಿರದ ಮೂರರಲ್ಲಿ ಗಿರಣಿ ಟೀಮನ್ನೇ ನಿಲ್ಲಿಸಿತು. ಪುಟ್ಟಬಸವಯ್ಯ ಬಜಾರಿನಲ್ಲಿ ಲಾರಿಗೆ ಮೂಟೆ ತುಂಬುತ್ತಾ ಹೇಗೋ ಬದುಕಿದ. ವರ್ಷಕ್ಕೊಂದು ದಿನ ಮಾತ್ರ ಕೂಲಿಗೆ ಹೋಗುತ್ತಿರಲಿಲ್ಲ. ಆಯುಧಪೂಜೆಯ ಮಧ್ಯಾಹ್ನ ಪೊರಕೆ, ಗೋಣಿಚೀಲ ಹಿಡಿದು, ಗಿರಣಿ ಗೇಟಿನಿಂದ ಬಸ್‌ಸ್ಟ್ಯಾಂಡಿನವರೆಗೆ ರಸ್ತೆಯಲ್ಲಿ ಒಡೆದ ಬೂದುಗುಂಬಳಗಳನ್ನೆಲ್ಲ ಗುಡಿಸುತ್ತಿದ್ದ. ಹೊತ್ತು ಮುಳುಗುವ ಮುಂಚೆಯೇ. ದೃಷ್ಟಿ ಅಂಟುತ್ತದೆ ಕಣೋ ಎಂದು ಅಂಗಡಿಯವರು ಬೈಯುತ್ತಿದ್ದರು, ಹುಚ್ಚ ಎಂದು ನಗುತ್ತಿದ್ದರು. ಒಂದು ಕಾಲದಲ್ಲಿ ಹಾಗಂದವನ ಹಲ್ಲು ಉಳಿಯುತ್ತಿರಲಿಲ್ಲ.

ಎರಡು ಸಾವಿರದ ಆರರಲ್ಲಿ ಹೀಗೇ ಗುಡಿಸುತ್ತಿದ್ದಾಗ ನರಸೀಪುರದ ಕಡೆಯಿಂದ ಬಂದ ಒಂದು ಮೊಪೆಡ್ ಪಕ್ಕದಲ್ಲಿ ನಿಂತಿತು. ಮೇಲೆ ಕೂತಿದ್ದವನ ಬಲ ಮುಂಗೈ ಸೊಟ್ಟಗಿತ್ತು. ಪುಟ್ಟಬಸವಯ್ಯ ಪೊರಕೆ ಕೆಳಗಿಟ್ಟು ನಿಂತುಕೊಂಡ. ನಟರಾಜ್ ನಮಸ್ಕಾರ ಅನ್ನಲಿಲ್ಲ, ನಗಲೂ ಇಲ್ಲ. ರಸ್ತೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಆಮೇಲೆ ಆ ಸೊಟ್ಟ ಕೈಯನ್ನೇ ಎತ್ತಿ ತೋರಿಸಿದ.

"ಅಲ್ಲೊಂದು ಚೂರು ಉಳ್ಕಂಡದೆ ನೋಡು."

ಅಷ್ಟು ಹೇಳಿ ಹೊರಟುಹೋದ. ಪುಟ್ಟಬಸವಯ್ಯ ಪೊರಕೆಯನ್ನು ಮುಟ್ಟಲಿಲ್ಲ. ಹೋಗಿ ಮಂಡಿಯೂರಿ, ಕುಂಕುಮ ಮೆತ್ತಿದ ಆ ಚೂರನ್ನು ಕೈಯಿಂದಲೇ ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡ.