ಕ್ಯಾನಿನಲ್ಲಿದ್ದ ಸೀ ನೀರು

ಆ ದಿನ ಬೆಳಗ್ಗೆಯೂ ಒಲೆ ಹೊತ್ತಿಸುವ ಮೊದಲು ನಾನು ಹೋದದ್ದು ಗಾಜಿನ ತೊಟ್ಟಿಯ ಹತ್ತಿರಕ್ಕೆ. ಪಡಸಾಲೆಯ ಕಿಟಕಿಯ ಪಕ್ಕ, ಹೊಲಿಗೆ ಯಂತ್ರದ ಹಲಗೆಯ ಮೇಲೆ ಅದನ್ನು ಇಟ್ಟಿದ್ದೆ. ತೆಂಗಿನ ಕರಟದಿಂದ ನೀರೆತ್ತಿ ಗೇಣೆತ್ತರದಿಂದ ಸುರಿಯಬೇಕು, ಗುಳ್ಳೆ ಏಳಬೇಕು, ಮತ್ತೆ ಎತ್ತಬೇಕು. ನೂರು ಸಲ. ಕಾನ್ವೆಂಟಿನಲ್ಲಿ ಜಪಮಾಲೆ ಎಣಿಸುತ್ತಿದ್ದ ಸಿಸ್ಟರುಗಳ ಹಾಗೆ ನನ್ನ ತುಟಿಯೂ ಸದ್ದಿಲ್ಲದೆ ಎಣಿಸುತ್ತಿತ್ತು. ಅರವತ್ತಕ್ಕೆ ಬರುವಷ್ಟರಲ್ಲಿ ಹೆಗಲು ಸೋಲುತ್ತಿತ್ತು. ಎಂಬತ್ತಕ್ಕೆ ಒಳಗಿನಿಂದ ಅತ್ತೆಯವರ ದನಿ.

“ಏನವಾ, ನಿನ್ನ ಹವಳ ಎದ್ದದೇನು? ಎದ್ದಿದ್ರ ಅದಕ್ಕೂ ಒಂದು ಕಪ್ಪು ಚಹಾ ಮಾಡು.”

ಎದ್ದಿರಲಿಲ್ಲ. ಅಂದಿಗೆ ನಾಲ್ಕು ದಿನವಾಗಿತ್ತು.

ಅದು ಎಪ್ಪತ್ತರ ದಶಕದ ಒಂದು ಬೇಸಿಗೆ. ಯಜಮಾನರಿಗೆ ಬೈಲಹೊಂಗಲದಿಂದ ಸವದತ್ತಿಯ ಕಚೇರಿಗೆ ವರ್ಗವಾಗಿ ಎರಡು ವರ್ಷ ಕಳೆದಿದ್ದವು. ನನ್ನ ಅಣ್ಣ ಕಾರವಾರದಲ್ಲಿ ಸಮುದ್ರದ ಜೀವಗಳನ್ನು ಅಭ್ಯಾಸ ಮಾಡುವ ಕೆಲಸದಲ್ಲಿದ್ದ. ನಾನು ಸಮುದ್ರ ನೋಡಿರಲಿಲ್ಲ. ಚಿಕ್ಕಂದಿನಿಂದ ಅದನ್ನೇ ಹೇಳಿ ಹೇಳಿ ಅವನ ತಲೆ ತಿಂದಿದ್ದೆ. ಅದಕ್ಕೇ ಆ ವರ್ಷ ಸಮುದ್ರದ ಒಂದು ಚೂರನ್ನೇ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಬಂದ: ಒಂದು ಕಲ್ಲು, ಕಲ್ಲಿಗೆ ಅಂಟಿಕೊಂಡ ಒಂದು ಮೆತ್ತನೆಯ ಹವಳ, ಜೊತೆಗೆ ಎರಡು ಪ್ಲಾಸ್ಟಿಕ್ ಕ್ಯಾನು ತುಂಬ ಸಮುದ್ರದ ನೀರು.

ಅತ್ತೆಯವರು ನೋಡಿ ನಕ್ಕಿದ್ದರು. ತಾಳಿಯಲ್ಲಿದ್ದ ಎರಡು ಕೆಂಪು ಮಣಿಗಳನ್ನು ಎತ್ತಿ ತೋರಿಸಿ, “ಹವಳ ಅಂದ್ರ ಹಿಂಗಿರತದ. ನಿಮ್ಮಣ್ಣಗ ಯಾರೋ ಹಳಸಿದ ಅಣಬಿ ಕಟ್ಟಿ ಕಳಿಸ್ಯಾರ” ಎಂದಿದ್ದರು.

ಅಣಬೆಯ ಹಾಗೆಯೇ ಇತ್ತು, ಮುಚ್ಚಿಕೊಂಡಾಗ. ಕಂದು ಬಣ್ಣ, ತೊಗಲಿನಂಥ ಮೈ. ಆದರೆ ಬೆಳಕು ಬಿದ್ದು ಒಂದು ಗಂಟೆಗೆ ಅದರ ಮೈತುಂಬ ಎಳೆಕೂಸಿನ ರೆಪ್ಪೆಗೂದಲಿನಷ್ಟು ಸಣ್ಣ ಬೆರಳುಗಳು ಏಳುತ್ತಿದ್ದವು. ನೀರು ಅಲುಗಿದರೆ ಅಲುಗುತ್ತಿದ್ದವು. ನಾನು ಮಾಡಿದ ಅಡಿಗೆ ಮಧ್ಯಾಹ್ನಕ್ಕೆ ಮುಗಿಯುತ್ತಿತ್ತು, ಒಗೆದದ್ದು ಸಂಜೆಗೆ ಮಾಸುತ್ತಿತ್ತು, ಗುಡಿಸಿದಲ್ಲಿ ಮತ್ತೆ ಧೂಳು ಕೂರುತ್ತಿತ್ತು. ಆ ಮನೆಯಲ್ಲಿ ನಾನು ಮಾಡಿದ್ದಕ್ಕೆ ಅರಳುತ್ತಿದ್ದುದು ಇದೊಂದೇ.

ಅಣ್ಣ ಹೋಗುವಾಗ ಒಂದು ಚೀಟಿ ಬರೆದುಕೊಟ್ಟಿದ್ದ. ನಾವಿಬ್ಬರೂ ಇಂಗ್ಲಿಷ್ ಶಾಲೆಯವರು, ನಮ್ಮ ಕನ್ನಡದಲ್ಲಿ ಅರ್ಧ ಇಂಗ್ಲಿಷೇ. “ಲೈಟ್ ಇರಲಿ, ಡೈರೆಕ್ಟ್ ಬಿಸಿಲು ಬೇಡ. ಕಾಪರ್ ಮುಟ್ಟಿಸಬೇಡ. ದಿನಕ್ಕೆ ಎರಡು ಸಲ ನೀರು ಎತ್ತಿ ಹೊಯ್ಯಿ. ಲೆವಲ್ ಇಳಿದಷ್ಟೂ ಸೀ ನೀರು ಹಾಕು, ಮರೆಯಬೇಡ.” ತೊಟ್ಟಿ ತುಂಬಿ ಉಳಿದ ಸಮುದ್ರದ ನೀರನ್ನು ಕ್ಯಾನಿನಲ್ಲೇ ಬಿಟ್ಟು, ಗಾಜಿನ ಮೇಲೆ ಮೇಣದ ಪೆನ್ಸಿಲಿನಿಂದ ಒಂದು ಗೆರೆಯನ್ನೂ ಎಳೆದಿದ್ದ.

ನಾನು ಒಂದನ್ನೂ ಮರೆತಿರಲಿಲ್ಲ. ತಾಮ್ರದ ತಂಬಿಗೆಯನ್ನು ಆ ಕಡೆ ಸುಳಿಯಗೊಡಲಿಲ್ಲ. ಸವದತ್ತಿಯ ಸೆಕೆಗೆ ನೀರು ದಿನಕ್ಕೆ ಒಂದು ಬೆರಳು ಇಳಿಯುತ್ತಿತ್ತು. ಸಂಜೆ ಕ್ಯಾನಿನಿಂದ ಸಮುದ್ರದ ನೀರನ್ನು ಬಗ್ಗಿಸಿ ಗೆರೆಗೆ ಸರಿಯಾಗಿ ತುಂಬುತ್ತಿದ್ದೆ. ಗಾಜಿನ ಅಂಚಿಗೆ ದಿನವೂ ಬಿಳಿಯ ಪುಡಿ ಕೂರುತ್ತಿತ್ತು. ರಸ್ತೆಯ ಧೂಳು ಎಂದುಕೊಂಡು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ. ಇಷ್ಟು ಮಾಡಿಯೂ ಅದು ಮುಚ್ಚಿಕೊಂಡಿತ್ತು. ಮೈ ಕುಗ್ಗಿ ಒಂದು ಪಕ್ಕಕ್ಕೆ ವಾಲಿತ್ತು.

ಯಜಮಾನರು ಕಚೇರಿಗೆ ಹೊರಟವರು ಬಗ್ಗಿ ನೋಡಿ, “ಮಲಗಿರಬೇಕು ಬಿಡು” ಎಂದು ಚಪ್ಪಲಿ ಮೆಟ್ಟಿದರು.

ಅತ್ತೆಯವರು ಬಿಡಲಿಲ್ಲ. “ನಾಳೆ ಹುಣ್ಣಿಮಿ. ಗುಡ್ಡದ ಜಾತ್ರಿಗೆ ಹೋಗೋ ಮಂದಿ ಎಲ್ಲಾ ಇಲ್ಲೇ ಊಟಕ್ಕ ಬರತಾರ. ಸತ್ತದ್ದನ್ನ ಪಡಸಾಲ್ಯಾಗ ಇಟಗೊಂಡು ನೈವೇದ್ಯ ಮಾಡಲಿಕ್ಕೆ ಆಗೂದಿಲ್ಲ ನೋಡು. ಸಂಜೀತನಕಾ ಕಾಯತೀನಿ. ಏಳಲಿಲ್ಲಂದ್ರ ಕಲ್ಲು ಹಿತ್ತಲಕ್ಕ.”

“ಸತ್ತಿಲ್ಲರಿ ಅತ್ಯಾ.”

“ಹಂಗಂತ ನೀ ಅಂತೀ. ಅದು ಅನಬೇಕಲ್ಲ?”

ಅಂದು ಹೋಳಿಗೆಗೆ ಬೇಳೆ ಆರಿಸಿದೆ. ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ಮತ್ತೆ ಒಳಗೆ ತಂದೆ. ಮಡಿ ನೀರಿನ ಕೊಡಗಳನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿದೆ. ಒಂದೊಂದು ಕೆಲಸದ ನಡುವೆಯೂ ಪಡಸಾಲೆಗೆ ಹೋಗಿ ಬಗ್ಗಿ ನೋಡುತ್ತಿದ್ದೆ. ಬಗ್ಗುವುದಕ್ಕೂ ಬೇಸರ ಬರುವಷ್ಟು ಸೊಂಟ ನೋಯುತ್ತಿತ್ತು. ಅದು ಹಾಗೆಯೇ ಇತ್ತು. ಅಣ್ಣನಿಗೆ ಏನೆಂದು ಬರೆಯಲಿ ಎಂದು ಮನಸ್ಸಿನಲ್ಲೇ ಕಾಗದ ಬರೆದೆ, ಹರಿದೆ.

ಸಂಜೆ ಎರಡನೆಯ ಕ್ಯಾನಿನ ತಳದಲ್ಲಿ ಉಳಿದದ್ದು ಒಂದೇ ಮಗ್ಗು. ಅದನ್ನು ಬಗ್ಗಿಸಿಕೊಂಡು ನಿಂತಿದ್ದಾಗ ಪಕ್ಕದ ಮನೆಯಾಕೆ ಎಂದಿನಂತೆ ಹೆಪ್ಪಿಗೆ ಮಜ್ಜಿಗೆ ಕೇಳಲು ವಾಟಗ ಹಿಡಿದು ಬಂದಳು. ಅತ್ತೆಯವರು ಬಾಗಿಲಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದರು.

“ಏನ್ ಹಾಕಾಕತ್ತೀರಿ ಅಕ್ಕಾರ ಅದಕ್ಕ?”

“ಸೀ ನೀರು,” ಎಂದೆ. “ಅಣ್ಣ ಚೀಟಿಯಾಗ ಅದನ್ನ ಬರದಾನ. ಇದೂ ತೀರಿತು.”

ಆಕೆ ಮಗ್ಗಿನೊಳಗೆ ಬೆರಳದ್ದಿ ನೆಕ್ಕಿ, ಮುಖ ಹಿಂಡಿದಳು.

“ಥೂ! ಇದ್ಯಾವ ಸೀ ನೀರ್ರಿ? ಬಾಯಾಗ ಇಡಾಕ ಆಗೂದಿಲ್ಲ, ಬರೇ ಉಪ್ಪು!”

ಮಗ್ಗನ್ನು ಕೆಳಗಿಟ್ಟೆ. ಗಾಜಿನ ಅಂಚಿನ ಬಿಳಿಯ ಪುಡಿಯನ್ನು ಬೆರಳಿಗೆ ತೆಗೆದು ನಾಲಗೆಗೆ ಮುಟ್ಟಿಸಿದೆ. ಉಪ್ಪು. ಆರಿ ಹೋದದ್ದು ನೀರು ಮಾತ್ರ, ಉಪ್ಪು ತೊಟ್ಟಿಯಲ್ಲೇ ಉಳಿದಿತ್ತು. ಅದರ ಮೇಲೆ ನಾನು ದಿನವೂ ಮತ್ತಷ್ಟು ಉಪ್ಪುನೀರು ಸುರಿದಿದ್ದೆ. ಚೀಟಿಯ ತುಂಬ ಲೈಟ್, ಕಾಪರ್, ಲೆವಲ್. ಅವುಗಳ ನಡುವೆ ಒಂದೇ ಒಂದು ಅಚ್ಚ ಕನ್ನಡದ ಮಾತನ್ನು, ಸಿಹಿ ಎಂಬ ಅರ್ಥದ ‘ಸೀ’ಯನ್ನು, ನಾನು ಇಂಗ್ಲಿಷಿನ ಸಮುದ್ರವೆಂದು ಓದಿಕೊಂಡಿದ್ದೆ.

ನಾನು ತೊದಲುತ್ತ ಹೇಳಿದ್ದನ್ನು ಕೇಳಿ ಅತ್ತೆಯವರು ಬತ್ತಿ ಕೆಳಗಿಟ್ಟರು.

“ಅಂದ್ರ ಇಷ್ಟು ದಿನಾ ಅದನ್ನ ಉಪ್ಪಿನಕಾಯಿ ಹಾಕಿಟ್ಟಿದ್ದಿ ಅನ್ನು!” ಬಹಳ ಹೊತ್ತು ನಕ್ಕರು. ಆಮೇಲೆ ತೊಟ್ಟಿಯ ಕಡೆಗೊಮ್ಮೆ ನೋಡಿ, “ಇರಲಿ ಬಿಡು. ಹುಣ್ಣಿಮಿ ಮುಗೀಲಿ, ಆಮ್ಯಾಲ ನೋಡೂಣು” ಎಂದರು.

ಪಕ್ಕದ ಮನೆಯಾಕೆಗೆ ಇದೊಂದೂ ಬೇಕಿರಲಿಲ್ಲ. ಮಜ್ಜಿಗೆಯ ವಾಟಗವನ್ನು ಸೆರಗಿನಿಂದ ಮುಚ್ಚಿ, ಹೊಸ್ತಿಲು ದಾಟುತ್ತ ಅಂದಳು:

“ಸೀ ನೀರು ಬೇಕಂದ್ರ ನಾಳೆ ನನ್ನ ಕೂಡ ಗುಡಿ ಬಾವಿಗೆ ಬರ್ರಿ. ಸಕ್ಕರಿ ಇದ್ದಂಗ ಐತಿ, ಬ್ಯಾಳಿ ಲಗೂನ ಬೇಯತಾವ.”