ಆಣೆ ಇಟ್ಟ ಕೈ

ಮೊನ್ನೆ ಜಯನಗರದ ಪಾತ್ರೆ ಅಂಗಡಿಯಲ್ಲಿ ಹೊಸ ಕುಕ್ಕರಿನ ಮುಚ್ಚಳ ತೆಗೆದಾಗ ಹಸಿ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಕೊಳ್ಳದೆ ಹಾಗೇ ಬಂದುಬಿಟ್ಟೆ. ಜರಗನಹಳ್ಳಿಯ ನಮ್ಮ ಓನರ್ ಅಮ್ಮ ನೆನಪಾಗಿದ್ದರು...

ಅವರ ಮನೆಯ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು. ಬಾಯಿ ಜೋರು, ಕೈ ಧಾರಾಳ. ಮಗಳು ತುಂಬಿದ ಬಸುರಿಯಾಗಿ ತವರಿಗೆ ಬಂದಾಗಲೇ ಚುನಾವಣೆಯೂ ಬಂತು. ಒಂದು ಸಂಜೆ ಅದೇ ಬೀದಿಯ ಗಂಡಸರು ಒಂದು ಪಕ್ಷದ ಪರವಾಗಿ ಅರಿಶಿನ ಕುಂಕುಮ, ಕುಕ್ಕರು, ಜೊತೆಗೆ ಹಚ್ಚಿದ ದೀಪ ಹಿಡಿದು ಬಾಗಿಲಿಗೆ ಬಂದರು. ನಮ್ಮ ಓಟು ಊರಿನಲ್ಲಿದ್ದುದರಿಂದ ನಮಗೆ ಕುಕ್ಕರೂ ಇಲ್ಲ, ಆಣೆಯೂ ಇಲ್ಲ. ಮೆಟ್ಟಿಲ ಮೇಲೆ ನಿಂತು ನೋಡಿದ್ದಷ್ಟೇ.

"ದೀಪ ಮುಟ್ಟಿ ನಮ್ಗೇ ಓಟು ಅಂತ ಆಣೆ ಇಡಿ ದೊಡ್ಡಮ್ಮ. ಸುಮ್ನೆ ಶಾಸ್ತ್ರಕ್ಕೆ," ಎಂದು ಒಬ್ಬ ನಕ್ಕ. ಆಮೇಲೆ ಮಗಳ ಹೊಟ್ಟೆಯ ಕಡೆ ನೋಡಿ, "ಆ ಮಗು ಮೇಲೆ ಹೇಳ್ಬುಡಿ, ಸಾಕು," ಎಂದ.

ಮನೆಗೆ ಬಂದ ಅರಿಶಿನ ಕುಂಕುಮವನ್ನು ಬೇಡವೆನ್ನುವ ಹೆಂಗಸಲ್ಲ ಅವರು. ಅದು ಆ ಜನಕ್ಕೂ ಗೊತ್ತಿತ್ತು. ಅಮ್ಮ ಮಗುವಿನ ಹೆಸರು ಹೇಳಿ ದೀಪ ಮುಟ್ಟಿದರು.

ಆದರೆ ಮನೆ ಹಿಂದಿನ ಕಾಲುವೆ ಮುಚ್ಚಿಸಿ ಕಟ್ಟಡ ಎಬ್ಬಿಸಿದ್ದು ಅದೇ ಪಕ್ಷದ ಕಡೆಯವರು. ಮಳೆ ಬಂದಾಗಲೆಲ್ಲ ಕೊಚ್ಚೆ ನೀರು ಅಮ್ಮನ ಮನೆಯೊಳಗೆ ನುಗ್ಗುತ್ತಿತ್ತು. ಹಸಿ ಬಾಣಂತಿಯನ್ನು ಎಲ್ಲಿ ಮಲಗಿಸುವುದೆಂದು ಅವರಿಗೆ ಚಿಂತೆ. ಓಟು ಹಾಕಿ ಬಂದ ಅಮ್ಮ ಜಗಲಿಯ ಮೇಲೆ ಕೂತರು.

"ಮಗೀಗೋಸ್ಕರಾನೇ ಬೇರೆಯೋರ್ಗೆ ಒತ್ಬುಟ್ಟೆ ಕಣಮ್ಮ. ಆಣೆ ಮುರಿದ್ಬುಟ್ಟೆ."

ಆಣೆಯಿಂದ ಏನೂ ಆಗುವುದಿಲ್ಲ ಎಂದು ಓದಿದವಳ ಠೀವಿಯಲ್ಲಿ ಸಮಾಧಾನ ಹೇಳಿದೆ. ಆ ಬೀದಿಯ ಬೂತಿನಲ್ಲಿ ಕುಕ್ಕರು ಕೊಟ್ಟವರಿಗೆ ಓಟು ಕಮ್ಮಿ ಬಿದ್ದಿತ್ತಂತೆ. ಮುಂದೆ ಆಣೆ ಇಡಿಸಿದ ಆ ನಗುಮುಖದವನು ದಾರಿಯಲ್ಲಿ ಸಿಕ್ಕಾಗಲೆಲ್ಲ, "ಮಗು ಹುಷಾರಾಗೈತಾ ದೊಡ್ಡಮ್ಮ?" ಎಂದು ಕೇಳುವುದನ್ನು ಶುರುಮಾಡಿದ. ಅಷ್ಟೇ, ಇನ್ನೊಂದು ಮಾತಿಲ್ಲ.

ಹೆಣ್ಣು ಮಗು ಗುಂಡುಗುಂಡಾಗಿ ಹುಟ್ಟಿತು. ಅಮ್ಮ ಮಾತ್ರ ಎತ್ತಿಕೊಳ್ಳಲಿಲ್ಲ. ಅಜ್ಜಿಯಾದವಳು ಎರೆಯಬೇಕಾದ ನೀರನ್ನು ಕೂಲಿಯವಳಿಂದ ಎರೆಸಿದರು. ಯಾಕೆಂದು ಕೇಳಿದರೆ, "ದೀಪ ಮುಟ್ಟಿದ ಕೈ ಕಣಮ್ಮ ಇದು," ಎಂದು ಸೆರಗಿನೊಳಗೆ ಕೈ ಮುಚ್ಚಿಕೊಂಡರು. ತೊಟ್ಟಿಲಿನಿಂದ ದೂರವೇ ನಿಂತು ನೆಟಿಗೆ ಮುರಿದು ದೃಷ್ಟಿ ತೆಗೆಯುತ್ತಿದ್ದರು...

ಅಮ್ಮ ಈಗಿಲ್ಲ. ಆ ಮಗು ಕಾಲೇಜು ಹುಡುಗಿಯಾಗಿದ್ದಾಳೆ, ಈ ಸಲ ಅವಳ ಮೊದಲ ಓಟು. ನಿನ್ನೆ ಮನೆಗೆ ಬಂದವಳು ಕಾಫಿ ಕುಡಿಯುತ್ತಾ ಕೇಳಿದಳು: "ಆಂಟಿ, ನಾನು ಹೆಣ್ಣು ಅಂತ ಅಜ್ಜಿಗೆ ಬೇಜಾರಿತ್ತಾ? ಒಂದ್ಸಲಾನೂ ನನ್ನ ಎತ್ಕೊಳ್ಳಿಲ್ವಂತೆ."

ಇಲ್ಲ ಕಣೆ ಎಂದೆ. ಎಲ್ಲ ಹೇಳಿಬಿಡೋಣವೆಂದರೆ, ಆ ಆಣೆ ಇವಳಿಗೂ ತಟ್ಟೀತೇನೋ ಎಂದು ನನಗೇ ಭಯವಾಯಿತು.